ಕ್ಲಮೈಡಿಯ ಟೆಸ್ಟ್ ಮಾಡಿಸಿಕೊಂಡೆ, ಕೂಗಾಟ ಒಂದು ಬಿಟ್ಟರೆ ಪರವಾಗಿಲ್ಲ

ನಾಳೆ ನಾಳೆ ಅಂತ ಮೂರು ವಾರ ತಳ್ಳಿ ಕೊನೆಗೂ ಕ್ಲಿನಿಕ್ಕಿಗೆ ಹೋದೆ. ಉರಿ, ನೋವು ಏನೂ ಇರಲಿಲ್ಲ. ಆದರೆ ಸೆಕ್ಸಿನಿಂದ ಹರಡುವ ಈ ಕ್ಲಮೈಡಿಯ ಸೋಂಕು ಬಂದ ಎಷ್ಟೋ ಜನರಿಗೆ ಲಕ್ಷಣವೇ ಕಾಣಿಸುವುದಿಲ್ಲ, ಸುಮ್ನೆ ಒಳಗೇ ಇದ್ದು ಹೆಣ್ಣುಮಕ್ಕಳಿಗೆ ಗರ್ಭನಾಳ ಹಾಳಾಗಿ ಮುಂದೆ ಮಕ್ಕಳಾಗುವುದೇ ಕಷ್ಟವಾಗಬಹುದು ಅಂತ ಓದಿದ ಮೇಲೆ ಸುಮ್ಮನೆ ಕೂರಲಾಗಲಿಲ್ಲ.

ಟೆಸ್ಟ್ ಅಂದರೆ ಇಷ್ಟೇ. ಒಂದು ಗಂಟೆ ಮೂತ್ರ ಮಾಡದೆ ಇದ್ದು, ಆಮೇಲೆ ಮೊದಲು ಬರುವ ಸ್ವಲ್ಪವನ್ನು ಡಬ್ಬಿಗೆ ಹಿಡಿಯಬೇಕು. ನಾನು ಬೇರೆ ಟೆಸ್ಟಿನ ಅಭ್ಯಾಸದಲ್ಲಿ ಮೊದಲಿನದನ್ನು ಬಿಟ್ಟು ನಡುವಿನದು ಹಿಡಿದೆ. ನರ್ಸ್ ನಗುತ್ತಲೇ ಇನ್ನೊಂದು ಗಂಟೆ ಕೂರಿಸಿದರು. ಹೆಂಗಸರು ಹತ್ತಿ ಕಡ್ಡಿಯಿಂದ ತಾವೇ ಸ್ಯಾಂಪಲ್ ತೆಗೆದುಕೊಳ್ಳಬಹುದು.

ದೂರು ಒಂದೇ. ಕೌಂಟರಿನವರು "ಯಾವ ಟೆಸ್ಟು?" ಅಂತ ಇಡೀ ಹಾಲಿಗೆ ಕೇಳುವ ಹಾಗೆ ಕೂಗಿದರು. ಬರೆದುಕೊಡಲು ಒಂದು ಚೀಟಿ ಇಟ್ಟಿದ್ದರೆ ಸಾಕಿತ್ತು ಅಲ್ವಾ?

ಡಾಕ್ಟರ್ ಮಾತ್ರ ಚಿನ್ನ. ಬೇಡದ್ದನ್ನು ಕೆದಕಲಿಲ್ಲ, ಬುದ್ಧಿ ಹೇಳಲಿಲ್ಲ. ರಿಪೋರ್ಟ್ ಪಾಸಿಟಿವ್ ಬಂತು. ನನಗೆ ಬರೆದುಕೊಟ್ಟದ್ದು ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ಮಾತ್ರೆ, ದಿನಕ್ಕೆ 2 ಸಲ, 7 ದಿನ. ಅಷ್ಟು ದಿನ ಸೆಕ್ಸ್ ಬೇಡ, ಸಂಗಾತಿಗೂ ಚಿಕಿತ್ಸೆ ಆಗಬೇಕು, 3 ತಿಂಗಳಿಗೆ ಮತ್ತೆ ಟೆಸ್ಟ್ ಅಂದರು. ಮಾತ್ರೆ ನುಂಗುವುದಕ್ಕಿಂತ ಸಂಗಾತಿಗೆ ಫೋನ್ ಮಾಡುವುದೇ ಜಾಸ್ತಿ ಕಷ್ಟವಾಯಿತು.