ಬಾಡಿಗೆ ವಾಕರ್, ಬಾಡಿಗೆ ಮಂಚ: ಕಾಲು ಉದ್ದ ಮಾಡಿಸಿಕೊಂಡವನ ಲೆಕ್ಕ

ತುಮಕೂರಿನಲ್ಲಿ ನನ್ನದೊಂದು ಬೈಕ್ ಸ್ಪೇರ್ ಪಾರ್ಟ್ಸ್ ಅಂಗಡಿ ಇದೆ. ನನ್ನ ಬಲಗಾಲು ಎಡಗಾಲಿಗಿಂತ 4 ಸೆಂಟಿಮೀಟರ್ ಗಿಡ್ಡ ಇತ್ತು. ಹತ್ತು ವರ್ಷದವನಿದ್ದಾಗ ಹುಣಸೆಮರದಿಂದ ಬಿದ್ದೆ. ಮೊಣಕಾಲಿನ ಕೆಳಗೆ, ಮೂಳೆ ಬೆಳೆಯುವ ಜಾಗಕ್ಕೇ ಏಟು ಬಿದ್ದಿತ್ತು. ಎಡಗಾಲು ಬೆಳೆಯುತ್ತಾ ಹೋಯಿತು, ಬಲಗಾಲು ಹಿಂದೆ ಉಳಿಯಿತು. ಇಪ್ಪತ್ತೆರಡು ವರ್ಷ ಬಲಗಾಲಿನ ಚಪ್ಪಲಿಗೆ ದಪ್ಪ ಅಟ್ಟೆ ಹಾಕಿಸಿಕೊಂಡು ನಡೆದೆ. ಸೊಂಟನೋವು ಜಾಸ್ತಿಯಾದ ಮೇಲೆ ಬೆಂಗಳೂರಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡೆ. ಇದು ಹತ್ತನೇ ವಾರ. ರಿಂಗು ಇನ್ನೂ ಕಾಲಲ್ಲೇ ಇದೆ.

ಈ ರಿವ್ಯೂ ಆಸ್ಪತ್ರೆಯದಲ್ಲ, ಮನೆಗೆ ಬಂದ ಮೇಲೆ ಮಂಚ, ವೀಲ್‌ಚೇರ್, ವಾಕರ್, ಕಮೋಡ್ ಚೇರ್ ಬಾಡಿಗೆಗೆ ಕೊಟ್ಟ ಅಂಗಡಿಯದು. ಹೆಸರು ಹಾಕುವುದಿಲ್ಲ. ನಾನೂ ಗಲ್ಲಾಪೆಟ್ಟಿಗೆ ಮುಂದೆ ಕೂರುವವನೇ, ಇನ್ನೊಬ್ಬರ ವ್ಯಾಪಾರ ಕೆಡಿಸುವ ಆಸೆ ಇಲ್ಲ. ಆದರೆ ಇಂಥ ಅಂಗಡಿಗಳು ಈಗ ಎಲ್ಲಾ ಊರಲ್ಲೂ ಇವೆ. ಸಾಮಾನು ಇಳಿಸಿಕೊಳ್ಳುವಾಗ ಏನು ನೋಡಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ.

ಮೊದಲು ಕಾಲಿನ ವಿಷಯ. ಮೊಣಕಾಲಿನ ಕೆಳಗಿನ ಮೂಳೆಯನ್ನು ಡಾಕ್ಟರ್ ಒಂದು ಕಡೆ ಕತ್ತರಿಸುತ್ತಾರೆ. ಸುತ್ತ ಸ್ಟೀಲ್ ರಿಂಗುಗಳು, ರಿಂಗಿನಿಂದ ಮೂಳೆಯ ಮೂಲಕ ಹಾದುಹೋಗುವ ತಂತಿಗಳು, ರಿಂಗಿಂದ ರಿಂಗಿಗೆ ಥ್ರೆಡ್ ಇರುವ ರಾಡ್‌ಗಳು. ಇದಕ್ಕೆ ಇಲಿಜಾರೋವ್ ಅಂತ ಹೆಸರು. ಸೈಬೀರಿಯಾದ ಕುರ್ಗಾನ್ ಎಂಬ ಊರಿನ ಡಾಕ್ಟರ್ ಒಬ್ಬರು 1950ರ ದಶಕದಲ್ಲಿ ಬೆಳೆಸಿದ ವಿಧಾನ. ಕತ್ತರಿಸಿದ ಮೇಲೆ ಒಂದು ವಾರ ಸುಮ್ನೆ ಬಿಡುತ್ತಾರೆ. ಆಮೇಲೆ ದಿನಕ್ಕೆ 1 ಮಿಲಿಮೀಟರ್ ಎಳೆಯಬೇಕು, ಅದೂ ನಾಲ್ಕು ಸಲಕ್ಕೆ ಹಂಚಿ. ನಿಧಾನಕ್ಕೆ ಎಳೆದರೆ ನಡುವಿನ ಸಂದಿಯಲ್ಲಿ ಹೊಸ ಮೂಳೆ ಹುಟ್ಟುತ್ತದೆ. ಅವಸರ ಮಾಡಿದರೆ ಮೂಳೆ ಕೂಡುವುದಿಲ್ಲ, ತೀರಾ ನಿಧಾನ ಮಾಡಿದರೆ ಮೊದಲೇ ಕೂಡಿಬಿಡುತ್ತದೆ.

ಎಳೆಯುವ ಕೆಲಸ ನಮ್ಮದೇ. ಆಸ್ಪತ್ರೆಯವರು ಕೈಗೆ ಕೊಟ್ಟಿದ್ದು ಏನು ಗೊತ್ತಾ? 10 ನಂಬರ್ ಸ್ಪ್ಯಾನರ್! ನನ್ನ ಅಂಗಡಿ ಗೋಡೆಗೆ ಇಪ್ಪತ್ತು ನೇತು ಹಾಕಿದ್ದೇನೆ. ನಟ್ ಒಂದು ಸುತ್ತು ತಿರುಗಿದರೆ 1 ಮಿಲಿಮೀಟರ್, ಕಾಲು ಸುತ್ತಿಗೆ ಕಾಲು ಮಿಲಿಮೀಟರ್. ಬೆಳಿಗ್ಗೆ 6, 11, ಸಂಜೆ 4, ರಾತ್ರಿ 9. ಯಾವ ಕಡೆಗೆ ತಿರುಗಿಸಬೇಕು ಅಂತ ಹೆಂಡತಿ ಪ್ರತಿ ನಟ್‌ಗೂ ನೇಲ್ ಪಾಲಿಶ್ ಗುರುತು ಹಾಕಿಕೊಟ್ಟಳು. ಅಡುಗೆಮನೆಯಿಂದ "ರೀ, ನಟ್ ಆಯ್ತಾ?" ಅಂತ ಕೂಗುತ್ತಿದ್ದಳು. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ನಟ್ ಲೆಕ್ಕ.

ಈಗ ಬಾಡಿಗೆ ಅಂಗಡಿ. ಮಂಚಕ್ಕೆ ತಿಂಗಳಿಗೆ 2,500, ವೀಲ್‌ಚೇರ್‌ಗೆ 800, ಕಮೋಡ್ ಚೇರ್‌ಗೆ 400, ವಾಕರ್‌ಗೆ 250. ಮೇಲೆ 5,000 ಅಡ್ವಾನ್ಸ್. ಹೊಸದು ಕೊಳ್ಳುವುದಕ್ಕಿಂತ ಕಡಿಮೆಯೇ. ಆಸ್ಪತ್ರೆಯಿಂದ ಬಿಡುಗಡೆಯ ದಿನವೇ ಸಾಮಾನು ಮನೆಯಲ್ಲಿರಬೇಕು ಅಂತ ಮೂರು ದಿನ ಮೊದಲೇ ಹೇಳಿದ್ದೆ. ಬಂದದ್ದು ಮಾರನೇ ದಿನ ಮಧ್ಯಾಹ್ನ. ಆ ಒಂದು ರಾತ್ರಿ ನಾನು ಹಾಲ್‌ನ ದಿವಾನ ಮೇಲೆ, ಕಾಲು ಎರಡು ದಿಂಬಿನ ಮೇಲೆ. ಬಾತ್‌ರೂಮಿಗೆ ಹೋಗಬೇಕೆಂದಾಗ ಭಾವಮೈದುನ ಒಂದು ಕಡೆ, ಪಕ್ಕದ ಮನೆಯ ಹುಡುಗ ಇನ್ನೊಂದು ಕಡೆ. ಇದಕ್ಕೇ ಒಂದು ಸ್ಟಾರ್ ಕಟ್.

ಮಂಚದ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಂಡ ದುಡ್ಡು. ಹ್ಯಾಂಡಲ್ ತಿರುಗಿಸಿದರೆ ತಲೆ ಕಡೆ ಏಳುತ್ತದೆ ಅಷ್ಟೇ, ಮೂರು ದಿಂಬು ಅದೇ ಕೆಲಸ ಮಾಡುತ್ತವೆ. ಒಂದು ತಿಂಗಳಿಗೆ ವಾಪಸ್ ಕಳಿಸಿದೆ.

ವೀಲ್‌ಚೇರ್ ಕಥೆ ಬೇರೆ. ಅವರು ಕಳಿಸಿದ್ದು ಮಾಮೂಲಿ ಮಾಡೆಲ್, ಕಾಲು ಕೆಳಗೆ ಇಳಿಬಿಟ್ಟು ಕೂರುವಂಥದ್ದು. ಕಾಲಿಗೆ ರಿಂಗ್ ಇರುವವನು ಹಾಗೆ ಹತ್ತು ನಿಮಿಷ ಕೂತರೆ ಪಾದ ಬದನೆಕಾಯಿ ಬಣ್ಣಕ್ಕೆ ಬರುತ್ತದೆ. ನಮಗೆ ಬೇಕಾಗಿದ್ದು ಕಾಲಿಡುವ ಭಾಗ ಮುಂದಕ್ಕೆ ನೇರ ಏಳುವ ಮಾಡೆಲ್. ಫೋನ್ ಮಾಡಿದೆ. "ಅದು ಬೇರೆ ರೇಟ್ ಸಾರ್, 1,200" ಅಂದರು. ಸರಿ, ಕಳಿಸಿ ಅಂದೆ. ಎರಡು ದಿನಕ್ಕೆ ಬಂತು. ಬಂದದ್ದು ಒಳ್ಳೆಯ ಗಾಡಿ, ಬೇರಿಂಗ್ ಸದ್ದಿಲ್ಲ, ಬ್ರೇಕ್ ಗಟ್ಟಿ. ಆದರೆ ನಮ್ಮ ಬಾತ್‌ರೂಮ್ ಬಾಗಿಲು 24 ಇಂಚು, ಗಾಡಿ ಅಗಲ 26. ತಪ್ಪು ನನ್ನದೇ. ಗಿರಾಕಿಗೆ ಚೈನ್ ಸ್ಪ್ರಾಕೆಟ್ ಕೊಡುವಾಗ ಯಾವ ವರ್ಷದ ಬೈಕು ಅಂತ ಮೂರು ಸಲ ಕೇಳುವ ನಾನು, ನನ್ನ ಮನೆ ಬಾಗಿಲಿಗೆ ಒಂದು ಟೇಪ್ ಹಿಡಿಯಲಿಲ್ಲ. ಆದರೆ ಅವರೂ ಕೇಳಬಹುದಿತ್ತು, ಅಲ್ವಾ? ದಿನಾ ಇದೇ ವ್ಯಾಪಾರ ಮಾಡುವವರು.

ಕೊನೆಗೆ ವೀಲ್‌ಚೇರ್ ಕೆಲಸಕ್ಕೆ ಬಂದಿದ್ದು ಎರಡು ವಾರಕ್ಕೊಮ್ಮೆ ಎಕ್ಸ್-ರೇಗೆ ಹೋಗುವಾಗ, ಸಂಜೆ ಜಗುಲಿಯಲ್ಲಿ ಕೂರುವಾಗ. ಮಧ್ಯದಲ್ಲಿ ಹೊಸ್ತಿಲು ಬೇರೆ. ಭಾವಮೈದುನ ಹಲಗೆ ತಂದು ಇಳಿಜಾರು ಮಾಡಿದ. ಅಮ್ಮ ಅದಕ್ಕೂ ಮುಂಚೆ ಬಗ್ಗಿ ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟು, "ಗಾಡಿ ಹತ್ತಿಸಿದರೆ ಹತ್ತಿಸು ಮಗ, ಕಾಲಿಂದ ಮಾತ್ರ ತುಳೀಬೇಡ" ಅಂದರು. ರಿಂಗು ಹಾಕಿದ ಕಾಲನ್ನು ನಾಲ್ಕಿಂಚು ಎತ್ತಿ ಹೊಸ್ತಿಲು ದಾಟುವುದೇ ನನ್ನ ಪಾಲಿಗೆ ಒಂದು ತಿಂಗಳ ವ್ಯಾಯಾಮ ಆಯಿತು.

ಕಮೋಡ್ ಚೇರ್‌ಗೆ ಐದಕ್ಕೆ ಐದು ಕೊಡುತ್ತೇನೆ. ಹಂಚಿಕೊಳ್ಳಲು ಮುಜುಗರದ ವಿಷಯ, ಆದರೆ ಆಪರೇಷನ್‌ಗೆ ಮುಂಚೆ ಯಾರೂ ಹೇಳದ ವಿಷಯವೂ ಇದೇ. ನಮ್ಮದು ಕುಕ್ಕರುಗಾಲಲ್ಲಿ ಕೂರುವ ಹಳೇ ಪಾಯಿಖಾನೆ. ರಿಂಗ್ ಹಾಕಿಕೊಂಡು ಅಲ್ಲಿ ಕೂರುವ ಮಾತೇ ಇಲ್ಲ. ಈ ಚೇರ್‌ನ ಕೆಳಗಿನ ಬಕೆಟ್ ತೆಗೆದು, ಅದನ್ನೇ ಪಾಯಿಖಾನೆಯ ಮೇಲೆ ನಿಲ್ಲಿಸಿದೆವು. ಕೈ ಊರಲು ಎರಡು ಕಡೆ ಹಿಡಿ, ಎತ್ತರ ಹೆಚ್ಚುಕಡಿಮೆ ಮಾಡುವ ಗುಂಡಿ. ಮುಂದೆ ಒಂದು ಪ್ಲಾಸ್ಟಿಕ್ ಸ್ಟೂಲ್, ಕಾಲು ಚಾಚಿ ಇಡಲು. ಬಕೆಟ್ ಬೇರೆಯವರು ಎತ್ತಬೇಕಾದ ಪ್ರಸಂಗ ಮೊದಲ ಒಂದು ವಾರಕ್ಕೇ ಮುಗಿಯಿತು. ಅವತ್ತು ಬಾಗಿಲು ಹಾಕಿಕೊಂಡು ಒಬ್ಬನೇ ಕೂತ ಖುಷಿ ಇದೆಯಲ್ಲ, ಹೊಸ ಬೈಕ್ ತಂದ ದಿನವೂ ಅಷ್ಟಿರಲಿಲ್ಲ.

ಈಗ ವಾಕರ್. ಇಲ್ಲಿ ನನಗೆ ಸಿಟ್ಟಿದೆ.

ತಂದುಕೊಟ್ಟ ಹುಡುಗ ಒಳ್ಳೆಯವನು. "ಅಣ್ಣ, ನೆಟ್ಟಗೆ ನಿಂತು ಕೈ ಇಳಿಬಿಡಿ" ಅಂದ. ಮಣಿಕಟ್ಟಿನ ಗೆರೆಗೆ ಹಿಡಿ ಸರಿಯಾಗಿ ಬರುವ ಹಾಗೆ ನಾಲ್ಕೂ ಕಾಲಿನ ಗುಂಡಿ ಒತ್ತಿ ಎತ್ತರ ಕೂಡಿಸಿದ. ಮೊದಲು ವಾಕರ್, ಆಮೇಲೆ ಆಪರೇಷನ್ ಕಾಲು, ಆಮೇಲೆ ಒಳ್ಳೇ ಕಾಲು ಅಂತ ತೋರಿಸಿಯೂ ಕೊಟ್ಟ. ಮೆಟ್ಟಿಲು ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು ಅಂತ ಆಮೇಲೆ ಫಿಸಿಯೋ ಹೇಳಿಕೊಟ್ಟರು. ನನ್ನ ಕಾಲಿನ ಮೇಲೆ ಭಾರ ಹಾಕಬಹುದು ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಹಾಕಿದಷ್ಟೂ ಮೂಳೆಗೆ ಒಳ್ಳೆಯದಂತೆ.

ಹದಿನೈದನೇ ರಾತ್ರಿ ಇರಬೇಕು. ಬಚ್ಚಲ ಬಾಗಿಲ ಹತ್ತಿರ ರೆಡ್ ಆಕ್ಸೈಡ್ ನೆಲ, ಸ್ವಲ್ಪ ಒದ್ದೆ. ವಾಕರ್‌ನ ಎಡಗಾಲು ಸರ್ ಅಂತ ಜಾರಿತು. ಕೈ ಗೋಡೆಗೆ ಸಿಕ್ಕಿತು, ಬೀಳಲಿಲ್ಲ. ಆದರೆ ಆ ಒಂದು ಕ್ಷಣ ಪೂರಾ ಭಾರ ರಿಂಗಿನ ಕಾಲಿಗೆ ಹೋಗಿ, ಕಣ್ಣಲ್ಲಿ ನೀರು ಬಂತು. ಮಂಚದ ಮೇಲೆ ಕೂತು ವಾಕರ್ ತಲೆಕೆಳಗೆ ಮಾಡಿ ನೋಡಿದೆ. ಮೂರು ರಬ್ಬರ್ ಬುಷ್ ಸವೆದು ನುಣ್ಣಗಾಗಿದ್ದವು, ಗೆರೆಯೇ ಇಲ್ಲ. ನಾಲ್ಕನೆಯದರಲ್ಲಿ ಅಲ್ಯೂಮಿನಿಯಂ ಪೈಪು ರಬ್ಬರನ್ನು ಕೊರೆದುಕೊಂಡು ಹೊರಗೇ ಬಂದಿತ್ತು. ಇಂಥ ಬುಷ್ ಒಳಗೆ ಒಂದು ವಾಷರ್ ಇರಬೇಕು, ಪೈಪಿನ ಅಂಚು ರಬ್ಬರ್ ಕತ್ತರಿಸದ ಹಾಗೆ. ಇರಲಿಲ್ಲ. ಐದು ರೂಪಾಯಿ ಸಾಮಾನು.

ಬೆಳಿಗ್ಗೆ ಫೋನ್ ಮಾಡಿದರೆ ಮಾಲೀಕರು, "ಬಾಡಿಗೆ ಐಟಂ ಅಲ್ವಾ ಸಾರ್, ಸ್ವಲ್ಪ ಹಾಗೇ ಇರುತ್ತೆ" ಅಂದರು. ಸವೆದ ಬ್ರೇಕ್ ಶೂ ಹಾಕಿ ನಾನು ಗಿರಾಕಿಗೆ ಹೀಗೆ ಹೇಳಿದರೆ ಅವನು ಬಿಡುತ್ತಾನಾ? ನನ್ನ ಅಂಗಡಿ ಹುಡುಗನಿಗೆ ಹೇಳಿ ನಾಲ್ಕು ಹೊಸ ಬುಷ್, ನಾಲ್ಕು ವಾಷರ್ ತರಿಸಿ ನಾನೇ ಹಾಕಿಕೊಂಡೆ. ಅಂದಿನಿಂದ ಜಾರಿಲ್ಲ. ವಾಕರ್ ಬಂದ ತಕ್ಷಣ ತಿರುಗಿಸಿ ಕಾಲು ನೋಡಿ. ಉಳಿದದ್ದೆಲ್ಲಾ ಆಮೇಲೆ.

ಬಾಡಿಗೆಗೆ ಸಿಗದ ಕೆಲವು ಸಾಮಾನು ಮನೆಯಲ್ಲೇ ಹುಟ್ಟಿದವು. ಕಾಲು ಉದ್ದವಾಗುತ್ತಾ ಹೋದ ಹಾಗೆ ಹಿಂದಿನ ಮಾಂಸಖಂಡ ಬಿಗಿದು ಪಾದ ಕೆಳಕ್ಕೆ ಬಾಗುತ್ತದೆ. ಹಾಗೇ ಬಿಟ್ಟರೆ ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ. ಅದಕ್ಕೆ ಹವಾಯಿ ಚಪ್ಪಲಿ ಪಾದಕ್ಕೆ ಹಾಕಿ, ಸೈಕಲ್ ಟ್ಯೂಬ್ ಪಟ್ಟಿಯಿಂದ ರಿಂಗಿಗೆ ಎಳೆದು ಕಟ್ಟಿದೆವು. ಫಿಸಿಯೋ ನೋಡಿ ಟ್ಯೂಬ್ ಇನ್ನೂ ಸ್ವಲ್ಪ ಬಿಗಿ ಮಾಡಿಸಿದರು. ಅವರೇ ಇನ್ನೊಂದು ತಪ್ಪನ್ನೂ ತಿದ್ದಿದರು. ಹಾಯಾಗಿರುತ್ತದೆ ಅಂತ ನಾನು ಮೊಣಕಾಲಿನ ಕೆಳಗೆ ದಿಂಬು ಇಟ್ಟುಕೊಳ್ಳುತ್ತಿದ್ದೆ. ಹಾಗೆ ಇಟ್ಟರೆ ಮೊಣಕಾಲು ಬಾಗಿಯೇ ಉಳಿದುಬಿಡುತ್ತದೆ, ಹಿಮ್ಮಡಿ ಕೆಳಗೆ ಇಡಿ ಅಂದರು. ಅಮ್ಮ ಹಳೇ ಲಂಗದ ಬಟ್ಟೆಯಲ್ಲಿ ರಿಂಗಿಗೆ ಒಂದು ಗೌಸು ಹೊಲಿದರು, ಮೇಲೆ ಲಾಡಿ. ಸೊಳ್ಳೆ ಇಲ್ಲ, ಧೂಳಿಲ್ಲ, ಬೆಡ್‌ಶೀಟ್ ತಂತಿಗೆ ಸಿಕ್ಕುವುದಿಲ್ಲ. ಬಟ್ಟೆಗೆ ಲುಂಗಿಯೇ ಸೈ.

ನೋವಿನ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಮೊದಲ ವಾರದ್ದು ಆಪರೇಷನ್ ನೋವು, ಮಾತ್ರೆಗೆ ಬಗ್ಗುತ್ತದೆ. ಮೂರನೇ ವಾರದಿಂದ ಶುರುವಾಗಿದ್ದು ಎಳೆತದ ನೋವು, ರಾತ್ರಿಯೇ ಜಾಸ್ತಿ. ಒಗೆದ ಬಟ್ಟೆಯನ್ನು ಇಬ್ಬರು ಹಿಡಿದು ಹಿಂಡುತ್ತಾರಲ್ಲ, ಹಾಗೆ. ನಾಲ್ಕನೇ ವಾರ ಬೆರಳು ಜುಮ್ ಅನ್ನತೊಡಗಿತು. ಡಾಕ್ಟರಿಗೆ ಫೋನ್ ಮಾಡಿದೆ. ನಾಲ್ಕು ದಿನ ಮೂರೇ ಸಲ ತಿರುಗಿಸಿ ಅಂದರು, ಕಡಿಮೆ ಆಯಿತು. 40 ದಿನದ ಲೆಕ್ಕ 41 ಆಯಿತು ಅಷ್ಟೇ. ತಂತಿ ಚರ್ಮದೊಳಗೆ ಹೋಗುವ ಜಾಗ ದಿನಾ ಸಲೈನ್‌ನಲ್ಲಿ ಒರೆಸಬೇಕು. ಒಮ್ಮೆ ಒಂದು ಕಡೆ ಕೆಂಪಾಗಿ ಕೀವು ಬಂತು, ಒಂದು ವಾರ ಮಾತ್ರೆ ಕೊಟ್ಟರು. ಬೀಡಿ ಬಿಟ್ಟಿದ್ದೇನೆ. ಬೀಡಿ ಸೇದಿದರೆ ಮೂಳೆ ಕೂಡುವುದು ತಡವಾಗುತ್ತದೆ ಅಂದ ಮೇಲೆ ಇನ್ನೇನು ಮಾಡುವುದು. ಸೆಂಟಿಮೀಟರಿಗೆ ಹೆಚ್ಚುಕಮ್ಮಿ ಒಂದೂವರೆ ತಿಂಗಳ ಲೆಕ್ಕ ಹಾಕಿ, ರಿಂಗ್ ಬಿಚ್ಚಲು ಒಟ್ಟು ಆರು ತಿಂಗಳು ಅಂದಿದ್ದಾರೆ.

ಆ ಕುರ್ಗಾನ್ ಡಾಕ್ಟರ್ ಹತ್ತಿರ ಹೋದವರಲ್ಲಿ ರಷ್ಯಾದ ಹೈಜಂಪ್ ಆಟಗಾರ ವಲೇರಿ ಬ್ರುಮೆಲ್ ಒಬ್ಬರು. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಚಿನ್ನ, ಮರುವರ್ಷ ಮೋಟರ್‌ಸೈಕಲ್ ಅಪಘಾತದಲ್ಲಿ ಕಾಲು ಪುಡಿ. ಕೊನೆಗೆ ಕಾಲು ಕೂಡಿಸಿದ್ದು ಈ ರಿಂಗೇ. ಬೈಕ್ ಸಾಮಾನು ಮಾರುವ ನನಗೆ ಈ ಕಥೆ ಇಷ್ಟವಾಯಿತು, ಅದಕ್ಕೇ ಸೇರಿಸಿದೆ.

ಕೊನೆಗೆ ಅಡ್ವಾನ್ಸ್ ವಿಷಯ. ಎರಡು ತಿಂಗಳಿಗೆ ವೀಲ್‌ಚೇರ್ ವಾಪಸ್ ಕೊಟ್ಟಾಗ, ಕೈ ಇಡುವ ರೆಕ್ಸಿನ್ ಹರಿದಿದೆ ಅಂತ 600 ರೂಪಾಯಿ ಹಿಡಿದುಕೊಂಡರು. ಅದು ಬರುವಾಗಲೇ ಹರಿದಿತ್ತು. ಆದರೆ ಫೋಟೋ ಇಲ್ಲ. ಸಾಮಾನು ಇಳಿಸಿದ ಕೂಡಲೇ ಎಲ್ಲಾ ಕಡೆಯಿಂದ ಫೋಟೋ ತೆಗೆದು ಅವರ ವಾಟ್ಸಾಪ್‌ಗೆ ಕಳಿಸಿಬಿಡಿ, ಹುಡುಗ ಇನ್ನೂ ಗೇಟಲ್ಲಿ ಇರುವಾಗಲೇ.

ಒಟ್ಟು ಮೂರು ಸ್ಟಾರ್. ಕಮೋಡ್ ಚೇರ್ ಮತ್ತು ಆ ಹುಡುಗ ಇಲ್ಲದಿದ್ದರೆ ಒಂದೂವರೆ.

ವಾಕರ್ ಇನ್ನೂ ನನ್ನ ಹತ್ತಿರವೇ ಇದೆ. ಮೊನ್ನೆ ಮಾಲೀಕರು ಫೋನ್ ಮಾಡಿ, "ಹೇಗೂ ಆರು ತಿಂಗಳು ಬೇಕಲ್ಲ ಸಾರ್, ಸಾವಿರಕ್ಕೆ ಕೊಂಡುಬಿಡಿ" ಅಂದರು. ನಾಲ್ಕು ಬುಷ್, ನಾಲ್ಕು ವಾಷರ್ ನನ್ನವು, ಕಳೆದು 500 ಅಂದೆ. 800ಕ್ಕೆ ಬಂದಿದ್ದಾರೆ. ಇನ್ನೊಂದು ವಾರ ಬಿಟ್ಟು ಫೋನ್ ಮಾಡುತ್ತೇನೆ.