ಹಾಡಿಸುವ ಗೇಮ್ ಕನ್ಸೋಲ್‌ಗಳು: ಕರೋಕೆ ಸ್ಟುಡಿಯೊ, ವಂಡರ್‌ಮೆಗಾ, ಲೇಸರ್‌ಆ್ಯಕ್ಟಿವ್

ಜಪಾನಿನ ಹಳೆಯ ಗೇಮ್ ಕನ್ಸೋಲ್‌ಗಳನ್ನು ಸಂಗ್ರಹಿಸುವವರು ಸಾಮಾನ್ಯವಾಗಿ ಅಪರೂಪದ ಆಟಗಳನ್ನು ಹುಡುಕುತ್ತಾರೆ. ಟೋಕಿಯೊದಲ್ಲಿ ನೆಲೆಸಿರುವ ನಾನು ಹುಡುಕಿದ್ದು ಆಟದ ಜೊತೆಗೆ ಹಾಡಿಸುವುದಕ್ಕೂ ತಯಾರಾದ ಯಂತ್ರಗಳನ್ನು. 1971ರಲ್ಲಿ ಕೋಬೆ ನಗರದ ಇನೋಉಎ ದೈಸುಕೆ ಅವರು ನಾಣ್ಯ ಹಾಕಿದರೆ ಹಿಮ್ಮೇಳ ನುಡಿಸುವ ಪೆಟ್ಟಿಗೆಗಳನ್ನು ಬಾರುಗಳಿಗೆ ಬಾಡಿಗೆಗೆ ಕೊಡತೊಡಗಿದ ಮೇಲೆ, ಕರೋಕೆಯನ್ನು ಮನೆಯ ಟಿವಿಗೆ ತರಲು ಗೇಮ್ ಉದ್ಯಮವೂ ಹಲವು ಬಗೆಯಲ್ಲಿ ಪ್ರಯತ್ನಿಸಿತು. ಅಂಥ ಪ್ರಯತ್ನಗಳಲ್ಲಿ ಮೂರನ್ನು ನಾನು ನನ್ನ ಮನೆಯಲ್ಲೇ ಬಹುಕಾಲ ಬಳಸಿ ನೋಡಿದ್ದೇನೆ. ಅವು ಎಷ್ಟು ಅಪರೂಪ ಎಂಬುದಕ್ಕಿಂತ, ಇವತ್ತು ಮೈಕ್ ಹಿಡಿದು ಹಾಡಲು ಕುಳಿತರೆ ಯಾವುದು ಎಷ್ಟರ ಮಟ್ಟಿಗೆ ಒದಗಿಬರುತ್ತದೆ ಎಂಬುದೇ ಇಲ್ಲಿನ ಹೋಲಿಕೆಯ ಅಳತೆಗೋಲು.

ಮೂರರಲ್ಲಿ ಹಿರಿಯದು ಬಂದಾಯ್ ಸಂಸ್ಥೆ 1987ರಲ್ಲಿ ನಿಂಟೆಂಡೊದ ಫ್ಯಾಮಿಕಾಂ ಎಂಬ ಗೇಮ್ ಕನ್ಸೋಲ್‌ಗಾಗಿ ತಂದ ಕರೋಕೆ ಸ್ಟುಡಿಯೊ. ಇದು ಕಾರ್ಟ್ರಿಜ್‌ನ ಜಾಗದಲ್ಲಿ ಕೂರುವ ಒಂದು ಘಟಕ. ಅದರೊಳಗೇ 15 ಹಾಡುಗಳಿವೆ. ಇನ್ನಷ್ಟು ಹಾಡುಗಳು ಬೇಕೆಂದರೆ ಅದರ ತಲೆಯ ಮೇಲೆ ಸಿಕ್ಕಿಸುವ ಹೆಚ್ಚುವರಿ ಕಾರ್ಟ್ರಿಜ್‌ಗಳು ಎರಡು ಬಂದವು, ಅಲ್ಲಿಗೆ ಭಂಡಾರ ಮುಗಿಯಿತು. ಹಿಮ್ಮೇಳವನ್ನು ನುಡಿಸುವುದು ಫ್ಯಾಮಿಕಾಂನ ಧ್ವನಿ ಚಿಪ್. ಅದರಲ್ಲಿರುವ ಐದು ವಾಹಿನಿಗಳಲ್ಲಿ, ಅಂದರೆ ಒಟ್ಟಿಗೆ ನುಡಿಯಬಲ್ಲ ಐದು ದನಿಗಳಲ್ಲಿ, ಸ್ವರ ನುಡಿಸಲು ನೆಚ್ಚಬಹುದಾದವು ಮೂರೇ. ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಒಂದು ಜನಪ್ರಿಯ ಗೀತೆಯ ಪಲ್ಲವಿ, ಚರಣಗಳು ಗುರುತಿಸುವಂತೆ ಮೂಡಿಬರುವುದನ್ನು ಕೇಳುವಾಗ, ಅದನ್ನು ಹೊಂದಿಸಿದವರ ಕಸುಬುದಾರಿಕೆಗೆ ತಲೆದೂಗಲೇಬೇಕು. ಆದರೆ ಹಾಡುಗಾರನಿಗೆ ಅದು ಸಾಲದು. ಮಂದ್ರದಲ್ಲಿ ಆಸರೆಯಾಗಿ ನಿಲ್ಲುವುದು ತ್ರಿಕೋನ ತರಂಗ ಎಂಬ ಒಂದೇ ಒಂದು ಸರಳ ದನಿಯಾದ್ದರಿಂದ ಶ್ರುತಿ ಹಿಡಿದು ನಿಲ್ಲುವುದು ಕಷ್ಟ.

ಇನ್ನೊಂದು ತೊಡಕು ಟಿವಿಯದು. ಮೊದಲ ಫ್ಯಾಮಿಕಾಂ ಹೊರಡಿಸುವುದು ಆಂಟೆನಾ ಸಂಕೇತವನ್ನು ಮಾತ್ರ, ಅದೂ ಜಪಾನಿನದೇ ಆದ 1 ಅಥವಾ 2ನೆಯ ಚಾನೆಲ್‌ನಲ್ಲಿ. 2011ರಲ್ಲಿ ಜಪಾನಿನ ಬಹುಭಾಗದಲ್ಲಿ ಅನಲಾಗ್ ಪ್ರಸಾರ ನಿಂತ ಮೇಲೆ ಬಂದ ಟಿವಿಗಳಲ್ಲಿ ಅದನ್ನು ಹಿಡಿಯುವ ಟ್ಯೂನರ್ ಸಾಮಾನ್ಯವಾಗಿ ಇರುವುದಿಲ್ಲ. ಹಳೆಯ ವಿಸಿಆರ್ ಒಂದನ್ನು ನಡುವೆ ಇಟ್ಟು, ಅದರ ಟ್ಯೂನರ್ ಮೂಲಕ ಹಾಯಿಸಿದಾಗ ನನ್ನ ಯಂತ್ರದ ಚಿತ್ರ ನಿಂತಿತು. ಬೆಂಗಳೂರಿಗೋ ಮೈಸೂರಿಗೋ ಇದನ್ನು ಒಯ್ಯುವವರು ಜಪಾನಿನ ವಿಸಿಆರನ್ನೂ ಜೊತೆಗೆ ಒಯ್ಯಬೇಕು. ಇತಿಹಾಸದ ತುಣುಕಾಗಿ ಕರೋಕೆ ಸ್ಟುಡಿಯೊ ನನಗೆ ತುಂಬ ಪ್ರಿಯ. ಹಾಡುವ ಸಾಧನವಾಗಿ ಮಾತ್ರ ಅದು ಸ್ಪರ್ಧೆಯಲ್ಲಿ ಉಳಿಯುವುದಿಲ್ಲ.

ನಿಜವಾದ ಪೈಪೋಟಿ ಇರುವುದು ಉಳಿದೆರಡರ ನಡುವೆ. ವಿಕ್ಟರ್ ಸಂಸ್ಥೆಯ ವಂಡರ್‌ಮೆಗಾ 1992ರ ಏಪ್ರಿಲ್‌ನಲ್ಲಿ 82,800 ಯೆನ್ ಬೆಲೆಗೆ ಬಂತು. ಸೆಗಾದ ಮೆಗಾ ಡ್ರೈವ್ ಕನ್ಸೋಲ್ ಮತ್ತು ಅದರ ಸಿಡಿ ಘಟಕವಾದ ಮೆಗಾ-ಸಿಡಿಗಳನ್ನು ಒಂದೇ ಮೈಯೊಳಗೆ ಸೇರಿಸಿ, ಅದಕ್ಕೆ ಮೈಕ್ ಕಿಂಡಿಗಳು, ಸ್ಪಷ್ಟ ಚಿತ್ರ ಕೊಡುವ ಎಸ್-ವಿಡಿಯೊ ಮತ್ತು ವಿದ್ಯುನ್ಮಾನ ವಾದ್ಯಗಳನ್ನು ಜೋಡಿಸುವ ಮಿಡಿ ಸಂಪರ್ಕವನ್ನು ಕೊಟ್ಟ ಯಂತ್ರವಿದು. ಪಯೊನಿಯರ್ ಸಂಸ್ಥೆಯ ಲೇಸರ್‌ಆ್ಯಕ್ಟಿವ್ 1993ರ ಆಗಸ್ಟ್‌ನಲ್ಲಿ 89,800 ಯೆನ್‌ಗೆ ಬಂತು. ಇದು ಮೂಲತಃ ಲೇಸರ್ ಡಿಸ್ಕ್, ಅಂದರೆ ವಿಡಿಯೊ ತುಂಬಿದ 30 ಸೆಂಟಿಮೀಟರ್ ಅಗಲದ ತಟ್ಟೆಗಳ ಪ್ಲೇಯರ್. ಅದರ ಮುಂಭಾಗದ ಪೊಟರೆಯಲ್ಲಿ ‘ಪ್ಯಾಕ್’ ಎಂಬ ಘಟಕವೊಂದನ್ನು ತೂರಿಸಿದರೆ ಅದು ಸೆಗಾ ಯಂತ್ರವಾಗುತ್ತದೆ, ಎನ್‌ಇಸಿಯ ಪಿಸಿ ಎಂಜಿನ್ ಕನ್ಸೋಲ್ ಆಗುತ್ತದೆ, ಇಲ್ಲವೇ ಎರಡು ಮೈಕ್‌ಗಳ ಕರೋಕೆ ಯಂತ್ರವಾಗುತ್ತದೆ. ಕರೋಕೆ ಪ್ಯಾಕ್‌ನ ಬೆಲೆ ಆಗ 20,000 ಯೆನ್, ಗೇಮ್ ಪ್ಯಾಕ್‌ಗಳದು ಅದರ ಸುಮಾರು ಎರಡರಷ್ಟು.

ಚಿತ್ರದಲ್ಲಿ ಲೇಸರ್‌ಆ್ಯಕ್ಟಿವ್‌ಗೆ ಎದುರಿಲ್ಲ. ಪಯೊನಿಯರ್ 1982ರಲ್ಲಿಯೇ ಬಾರುಗಳಿಗೆ ಲೇಸರ್ ಡಿಸ್ಕ್ ಕರೋಕೆಯನ್ನು ತಂದಿತ್ತು. ಆ ಪರಂಪರೆಯ ಡಿಸ್ಕ್‌ಗಳಲ್ಲಿ ಪ್ರತಿ ಹಾಡಿಗೂ ಚಿತ್ರೀಕರಿಸಿದ ದೃಶ್ಯವಿರುತ್ತದೆ: ಬಂದರು, ಮಳೆಯಲ್ಲಿ ನಿಂತ ರೈಲು ನಿಲ್ದಾಣ, ನಿಯಾನ್ ಬೀದಿ. ಸಾಹಿತ್ಯ ಆ ದೃಶ್ಯದ ಮೇಲೆಯೇ ಅಚ್ಚಾಗಿರುತ್ತದೆ. ಹಿಮ್ಮೇಳ ಸ್ಟುಡಿಯೊದಲ್ಲಿ ವಾದ್ಯಗಾರರು ನುಡಿಸಿದ್ದು. ‘ಎಂಕ’ ಎಂಬ ಜಪಾನಿನ ಭಾವುಕ ಜನಪ್ರಿಯ ಶೈಲಿಯ ಹಾಡೊಂದನ್ನು ಈ ಯಂತ್ರದಲ್ಲಿ ಹಾಕಿದರೆ ತಂತಿವಾದ್ಯಗಳ ಎಳೆತದಲ್ಲಿಯೇ ಹಾಡುವವನಿಗೆ ಎಲ್ಲಿ ಉಸಿರು ತೆಗೆಯಬೇಕೆಂಬುದು ತಿಳಿಯುತ್ತದೆ.

ವಂಡರ್‌ಮೆಗಾ ಓದುವುದು ಸಿಡಿ-ಜಿ ಎಂಬ ಬಗೆಯ ಡಿಸ್ಕ್‌ಗಳನ್ನು. ಸಾಧಾರಣ ಆಡಿಯೊ ಸಿಡಿಯ ಉಪವಾಹಿನಿಯಲ್ಲಿ, ಅಂದರೆ ಹಾಡಿನ ಜೊತೆಜೊತೆಗೆ ಸಾಗುವ ಹೆಚ್ಚುವರಿ ಮಾಹಿತಿಯ ಜಾಗದಲ್ಲಿ, ಚಿಕ್ಕ ಚಿಕ್ಕ ಚಿತ್ರತುಣುಕುಗಳನ್ನು ಅಡಗಿಸಿಡುವ ಈ ಕ್ರಮದಲ್ಲಿ ಸೆಕೆಂಡಿಗೆ 300 ತುಣುಕುಗಳಷ್ಟೇ ಬರುತ್ತವೆ. ಒಂದೊಂದು ತುಣುಕು 6 ಬಿಂದು ಅಗಲ, 12 ಬಿಂದು ಎತ್ತರ. ಒಮ್ಮೆಗೆ ತೋರಿಸಬಹುದಾದ ಬಣ್ಣಗಳು 16. ಇಡೀ ಪರದೆಯನ್ನು ತುಂಬಲು ಸುಮಾರು ಮೂರು ಸೆಕೆಂಡು ಬೇಕು. ಆದ್ದರಿಂದ ಇಲ್ಲಿ ಚಲಿಸುವ ದೃಶ್ಯದ ಮಾತೇ ಇಲ್ಲ, ಬಣ್ಣದ ಹಿನ್ನೆಲೆಯ ಮೇಲೆ ಅಕ್ಷರಗಳು ಮೂಡುತ್ತವೆ, ಅಷ್ಟೆ. ಆದರೆ ಆ ಅಕ್ಷರಗಳು ಎಸ್-ವಿಡಿಯೊ ಮೂಲಕ ಬಂದಾಗ ಕಾಂಜಿಯ (ಜಪಾನಿ ಬರಹದಲ್ಲಿನ ಚೀನೀ ಮೂಲದ ಅಕ್ಷರಗಳ) ಒತ್ತೊತ್ತಾದ ಗೆರೆಗಳೂ ಬಿಡಿಬಿಡಿಯಾಗಿ ಕಾಣುತ್ತವೆ, ಧ್ವನಿಯೂ ಪೂರ್ಣ ಸಿಡಿ ಗುಣಮಟ್ಟದ್ದೇ. ಕಣ್ಣು ಮುಚ್ಚಿ ಕೇಳಿದರೆ ಎರಡೂ ಯಂತ್ರಗಳ ನಡುವೆ ಆರಿಸುವುದು ನನಗೆ ಸಾಧ್ಯವಾಗಲಿಲ್ಲ.

ಬಳಕೆಯಲ್ಲಿ ವ್ಯತ್ಯಾಸ ಬೇರೆಡೆ ಕಾಣುತ್ತದೆ. ಲೇಸರ್‌ಆ್ಯಕ್ಟಿವ್‌ನಲ್ಲಿ ಒಮ್ಮೆಗೆ ಒಂದೇ ಪ್ಯಾಕ್ ಕೂರುತ್ತದೆ. ಆಟದ ನಡುವೆ ಮಕ್ಕಳಿಗೆ ಹಾಡಬೇಕೆನಿಸಿದರೆ ಯಂತ್ರವನ್ನು ಆಫ್ ಮಾಡಿ, ಒಂದನ್ನು ಹೊರತೆಗೆದು, ಇನ್ನೊಂದನ್ನು ತೂರಿಸಬೇಕು. ವಂಡರ್‌ಮೆಗಾದಲ್ಲಿ ಮುಚ್ಚಳ ತೆರೆದು ಸಿಡಿ ಬದಲಿಸಿದರೆ ಸಾಕು. ಅಲ್ಲದೆ, ಕರೋಕೆ ಲೇಸರ್ ಡಿಸ್ಕ್‌ಗಳು ಯಾವುದೇ ಲೇಸರ್ ಡಿಸ್ಕ್ ಪ್ಲೇಯರ್‌ನಲ್ಲೂ ನಡೆಯುತ್ತವೆ. ಕರೋಕೆ ಪ್ಯಾಕ್ ಕೊಡುವುದು ಮುಖ್ಯವಾಗಿ ಮೈಕ್ ಬೆರೆಸುವ ಸೌಲಭ್ಯವನ್ನು. ಮೈಕ್ ಕಿಂಡಿ ಇರುವ ಸಾಮಾನ್ಯ ಪ್ಲೇಯರ್‌ಗಳು ಟೋಕಿಯೊದ ಎಲೆಕ್ಟ್ರಾನಿಕ್ಸ್ ಪೇಟೆಯಾದ ಅಕಿಹಬಾರದಲ್ಲೂ ಊರಾಚೆಯ ಹಾರ್ಡ್ ಆಫ್ ಎಂಬ ಹಳೆಯ ಸಾಮಾನಿನ ಅಂಗಡಿಗಳ ‘ಜಂಕ್’ ಮೂಲೆಯಲ್ಲೂ ಅಗ್ಗವಾಗಿ ಸಿಗುವಾಗ, ಕೇವಲ ಹಾಡುವುದಕ್ಕಾಗಿ ಲೇಸರ್‌ಆ್ಯಕ್ಟಿವ್ ಕೊಳ್ಳುವುದಕ್ಕೆ ಅರ್ಥವಿಲ್ಲವೆಂದು ನಾನು ಖಚಿತವಾಗಿ ಹೇಳಬಲ್ಲೆ. ಅದರ ಬೆಲೆಗೆ ತಕ್ಕ ಸಾರ್ಥಕತೆ ಇರುವುದು ಅದಕ್ಕೆಂದೇ ಬಂದ ಲೇಸರ್ ಡಿಸ್ಕ್ ಆಟಗಳಲ್ಲಿ.

ಡಿಸ್ಕ್‌ಗಳ ವಿಷಯದಲ್ಲಿ ಮಾತ್ರ ಲೇಸರ್ ಡಿಸ್ಕ್ ಪಕ್ಷಕ್ಕೆ ಒಂದು ಅದೃಷ್ಟವಿದೆ. 1992ರಲ್ಲಿ ದೂರವಾಣಿ ತಂತಿಯ ಮೂಲಕ ಹಾಡುಗಳನ್ನು ಕಳುಹಿಸುವ ಕರೋಕೆ ಆರಂಭವಾಗಿ ಬಾರುಗಳು, ಕರೋಕೆ ಕೋಣೆಗಳು ಅದರತ್ತ ಹೊರಳಿದಾಗ ಲೇಸರ್ ಡಿಸ್ಕ್‌ಗಳಿಗೆ ಕೆಲಸವಿಲ್ಲದಾಯಿತು. ಅವೇ ಈಗ ಹಳೆಯ ಸಾಮಾನಿನ ಅಂಗಡಿಗಳಲ್ಲಿ ರಟ್ಟಿನ ಪೆಟ್ಟಿಗೆ ತುಂಬ ಸಿಗುತ್ತವೆ. ಅದೇ ದೂರವಾಣಿ ಕ್ರಮವನ್ನು ಮನೆಗೆ ತರಲು ಸೆಗಾ ಮುಂದೆ ತನ್ನ ಡ್ರೀಮ್‌ಕಾಸ್ಟ್ ಕನ್ಸೋಲ್‌ಗಾಗಿ ತಂದ ಕರೋಕೆ ಘಟಕವನ್ನು ನಾನು ಈ ಹೋಲಿಕೆಯಿಂದ ಹೊರಗಿಟ್ಟಿದ್ದೇನೆ. ಹಾಡುಗಳೆಲ್ಲ ಸರ್ವರ್‌ನಿಂದ ಬರಬೇಕಾಗಿದ್ದ ಆ ಚೆಲುವಾದ ಘಟಕ, ಸೇವೆ ನಿಂತ ಮೇಲೆ ಕಪಾಟಿನಲ್ಲಿ ಇಡುವುದಕ್ಕಷ್ಟೇ ಉಳಿದಿದೆ.

ಸಿಡಿ-ಜಿ ಪಕ್ಷಕ್ಕೆ ಇರುವುದು ಇನ್ನೂ ದೊಡ್ಡ ಬಲ, ನನ್ನ ಮಟ್ಟಿಗೆ ಅದೇ ನಿರ್ಣಾಯಕ. ಆ ಡಿಸ್ಕ್‌ನಲ್ಲಿ ಸಾಹಿತ್ಯ ಅಕ್ಷರಸಂಕೇತಗಳಾಗಿ ಇರುವುದಿಲ್ಲ, ಚಿತ್ರವಾಗಿಯೇ ಇರುತ್ತದೆ. ಆದ್ದರಿಂದ 1992ರ ಈ ಜಪಾನಿ ಯಂತ್ರಕ್ಕೆ ಕನ್ನಡ ಲಿಪಿ ಗೊತ್ತಿಲ್ಲದಿದ್ದರೂ ಅದು ಕನ್ನಡವನ್ನು ತೋರಿಸಬಲ್ಲದು. ಉಪವಾಹಿನಿಯ ಮಾಹಿತಿಯನ್ನೂ ಸೇರಿಸಿ ಬರೆಯಬಲ್ಲ ಸಿಡಿ ರೈಟರ್ ಒಂದಿದ್ದರೆ ಮನೆಯಲ್ಲೇ ಡಿಸ್ಕ್ ತಯಾರಿಸಬಹುದು. ನಾನು ಹಾಗೆ ನಮ್ಮ ಮನೆಯ ಭಜನೆಯ ಪದಗಳನ್ನು ಹಾಕಿಕೊಂಡಿದ್ದೇನೆ. ಎರಡು ತುಣುಕುಗಳ ಎತ್ತರದಲ್ಲಿ ಕನ್ನಡದ ಒತ್ತಕ್ಷರಗಳು ಮಸುಕಾಗುತ್ತವೆ, ಮೂರು ತುಣುಕುಗಳ ಎತ್ತರ ಕೊಟ್ಟರೆ ಸ್ಪಷ್ಟವಾಗುತ್ತವೆ, ಹಾಗಾಗಿ ಪರದೆಗೆ ಐದು ಸಾಲು ಹಿಡಿಯುತ್ತದೆ. ಹಾಡು ಸಾಗಿದಂತೆ ಪದಗಳ ಮೇಲೆ ಬಣ್ಣ ಎಡದಿಂದ ಬಲಕ್ಕೆ ಹರಿಯುವಾಗ ಒತ್ತಕ್ಷರಗಳಿಗೆ ತೊಂದರೆಯಾಗುವುದಿಲ್ಲ. ‘ಸೂರ್ಯ’ ಎಂಬಲ್ಲಿ ಮೊದಲು ಉಚ್ಚರಿಸಬೇಕಾದ ಅರ್ಕಾವತ್ತು ಕೊನೆಗೆ ಬಣ್ಣ ಪಡೆಯುತ್ತದೆ, ಆದರೆ ಹಾಡುವಾಗ ಅದು ಯಾರ ಗಮನಕ್ಕೂ ಬರುವುದಿಲ್ಲ.

ಜೋಡಣೆಯಲ್ಲಿ ಎರಡಕ್ಕೂ ಅನ್ವಯಿಸುವ ಒಂದು ಮಾತಿದೆ. ಈ ಯಂತ್ರಗಳಿಂದ ಬರುವ ಧ್ವನಿಯನ್ನು ಎಚ್‌ಡಿಎಂಐ ಪರಿವರ್ತಕದ ಮೂಲಕ ಹೊಸ ಟಿವಿಗೆ ಕಳುಹಿಸಿದರೆ, ನಮ್ಮದೇ ದನಿ ಕ್ಷಣಕಾಲ ತಡವಾಗಿ ಕೇಳಿ ಲಯ ತಪ್ಪಿಸುತ್ತದೆ. ಧ್ವನಿಯನ್ನು ನೇರವಾಗಿ ಆ್ಯಂಪ್ಲಿಫೈಯರ್‌ಗೆ ಕೊಟ್ಟು, ಚಿತ್ರವನ್ನು ಮಾತ್ರ ಟಿವಿಗೆ ಕಳುಹಿಸಬೇಕು. ಅಕ್ಷರಗಳ ಬಣ್ಣ ಕೊಂಚ ತಡವಾದರೆ ಹಾಡುವವನಿಗೆ ಬಾಧೆಯಿಲ್ಲ. ಭಾರತದಲ್ಲಿ ಬಳಸುವವರು 230 ವೋಲ್ಟ್ ವಿದ್ಯುತ್ತನ್ನು ಜಪಾನಿನ 100 ವೋಲ್ಟ್‌ಗೆ ಇಳಿಸುವ ಟ್ರಾನ್ಸ್‌ಫಾರ್ಮರ್ ಇಲ್ಲದೆ ಯಾವ ಯಂತ್ರವನ್ನೂ ಪ್ಲಗ್‌ಗೆ ಹಾಕಬಾರದು.

ವಂಡರ್‌ಮೆಗಾದ ಅಗ್ಗದ ಎರಡನೆಯ ಮಾದರಿಯೊಂದು 1993ರಲ್ಲಿ ಬಂತು, ಆದ್ದರಿಂದ ಕೊಳ್ಳುವಾಗ ಅದು ಯಾವ ಮಾದರಿ ಎಂದು ಕೇಳಿ ತಿಳಿದುಕೊಳ್ಳಬೇಕು. ಲೇಸರ್‌ಆ್ಯಕ್ಟಿವ್ ಬೇಕೇ ಬೇಕೆನ್ನುವವರು ಪ್ಯಾಕ್‌ಗಳ ಕೆಪಾಸಿಟರ್‌ಗಳನ್ನು ಬದಲಿಸಲಾಗಿದೆಯೇ ಎಂದು ಮೊದಲು ವಿಚಾರಿಸಬೇಕು. ಆ ಕಾಲದ ಚಿಕ್ಕ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ವಯಸ್ಸಾದಂತೆ ಸೋರಿ ಫಲಕದ ತಾಮ್ರದ ಗೆರೆಗಳನ್ನು ತಿನ್ನುತ್ತವೆ. ನಾನು ಬದಲಿಸಿದ ಪ್ಯಾಕ್‌ಗಳನ್ನೇ ಹೆಚ್ಚು ಹಣ ಕೊಟ್ಟು ತಂದೆ, ಬದಲಿಸದವುಗಳನ್ನು ಬೆಸುಗೆ ಕೆಲಸ ಬಲ್ಲವರು ಮಾತ್ರ ಕೊಳ್ಳಬೇಕು.