ಮೈಸೂರು 1799–1861 ಕಲಿಕಾ ಕಿಟ್: ಆಟ ಸೊಗಸು, ಕಾರ್ಡುಗಳಲ್ಲಿ ಲೆಕ್ಕ ತಪ್ಪಿದೆ

ಏಳನೇ ತರಗತಿಗೆಂದು ಮಾಡಿರುವ ಈ ಕಿಟ್‌ನಲ್ಲಿ ಗೋಡೆ ನಕ್ಷೆ, ಇಸವಿ ಕಾರ್ಡುಗಳು, ವರ್ಕ್‌ಶೀಟು ಮತ್ತು 'ಶರತ್ತಿನ ಆಟ' ಇವೆ. ಶರತ್ತು ಎಂದರೆ ಇಷ್ಟು ಕಂದಾಯ ಕಟ್ಟಿಕೊಡುತ್ತೇನೆಂದು ಅಮಲ್ದಾರ, ಅಂದರೆ ತಾಲ್ಲೂಕಿನ ಕಂದಾಯ ಅಧಿಕಾರಿ, ಸರ್ಕಾರಕ್ಕೆ ಬರೆದುಕೊಡುತ್ತಿದ್ದ ಕರಾರು. ಕೊಳ್ಳುವುದಾದರೆ ಆಟಕ್ಕಾಗಿ ಕೊಳ್ಳಿ. ಉಳಿದದ್ದನ್ನು ತಿದ್ದಿಕೊಂಡೇ ಬಳಸಬೇಕು.

ಆರು ಮಕ್ಕಳ ಗುಂಪಿನಲ್ಲಿ ಒಬ್ಬ ಅಮಲ್ದಾರ, ಐವರು ರೈತರು. ರೈತರಿಗೆ ತಲಾ 10 ಹುಣಸೆಬೀಜ. ಅಮಲ್ದಾರ 30 ಬೀಜ ಕಟ್ಟಿಕೊಡುತ್ತೇನೆಂದು ಶರತ್ತಿಗೆ ಸಹಿ ಹಾಕುತ್ತಾನೆ. ಬರದ ಕಾರ್ಡು ಬಂದರೆ ಬೆಳೆ ಅರ್ಧಕ್ಕಿಳಿಯುತ್ತದೆ. ಆಗ ಬಿತ್ತನೆ ಬೀಜದ ಸಮೇತ ಕಿತ್ತುಕೊಂಡರೂ ಸಿಗುವುದು 25. 'ರೈತರನ್ನು ಪೀಡಿಸುವುದಿಲ್ಲ, ಹೊಸ ತೆರಿಗೆ ಹಾಕುವುದಿಲ್ಲ' ಎಂಬ ಒಕ್ಕಣೆ ನಿಜವಾದ ಶರತ್ತುಗಳಲ್ಲೂ ಇರುತ್ತಿತ್ತು. ಅದನ್ನು ಆಟದ ಪತ್ರದಲ್ಲಿ ಅಚ್ಚು ಹಾಕಿರುವುದು ಜಾಣತನ. ಬರ ಬಿದ್ದ ಮೇಲೆ ಅಮಲ್ದಾರನ ಕೈಲೇ ಇನ್ನೊಮ್ಮೆ ಜೋರಾಗಿ ಓದಿಸಿ, ಬೇರೆ ವಿವರಣೆ ಬೇಕಾಗುವುದಿಲ್ಲ.

ನಿಯಮವೊಂದು ಮಾತ್ರ ಪೂರ್ತಿ ತಪ್ಪು. ಮಿಕ್ಕ ಬೀಜ ಅಮಲ್ದಾರನದಂತೆ! ಮೈಸೂರಿನ ಶರತ್ತಿನಲ್ಲಿ ಕಡಿಮೆ ಬಿದ್ದರೆ ಅವನು ಕೈಯಿಂದ ತುಂಬಬೇಕಿತ್ತು, ಹೆಚ್ಚು ಬಂದರೆ ಅದು ಸರ್ಕಾರಕ್ಕೆ. ಅಚ್ಚಾದ ನಿಯಮದಂತೆ ಆಡಿಸಿದರೆ ಮಕ್ಕಳು ಎಲ್ಲವನ್ನೂ ಅಮಲ್ದಾರನ ದುರಾಸೆಯ ತಲೆಗೆ ಕಟ್ಟುತ್ತಾರೆ, ಮೇಲಿನಿಂದ ಬೀಳುವ ಒತ್ತಡ ಕಣ್ಣಿಗೇ ಬೀಳುವುದಿಲ್ಲ.

ಕಾರ್ಡುಗಳದ್ದೂ ಇದೇ ರೋಗ. 1811ರಲ್ಲಿ ದಿವಾನ್ ಪೂರ್ಣಯ್ಯ ನಿವೃತ್ತರಾದರು, ಮುಮ್ಮಡಿ ಕೃಷ್ಣರಾಜ ಒಡೆಯರು ದುಂದು ಮಾಡಿದರು, 1830ರಲ್ಲಿ ನಗರ ಸೀಮೆಯ (ಹಳೇ ಬಿದನೂರಿನ ಕಡೆಯ) ರೈತರು ದಂಗೆಯೆದ್ದರು, ಈಸ್ಟ್ ಇಂಡಿಯಾ ಕಂಪನಿ ಬಂದು ಸರಿಪಡಿಸಿತು: ಇಷ್ಟೇ ಕಥೆ. 1799ರ ಒಪ್ಪಂದದಂತೆ ಮೈಸೂರು ವರ್ಷಾವರ್ಷ ಕಂಪನಿಗೆ ಕಟ್ಟಬೇಕಿದ್ದ ಪೊಗದಿ, 7 ಲಕ್ಷ ಸ್ಟಾರ್ ಪಗೋಡ ಎಂಬ ಚಿನ್ನದ ನಾಣ್ಯ, ಅಂದರೆ ಸುಮಾರು 24.5 ಲಕ್ಷ ರೂಪಾಯಿ, ಎಲ್ಲೂ ಇಲ್ಲ. ಖಾಲಿ ಕಾರ್ಡೊಂದರ ಮೇಲೆ ಬರೆದು ಮೊದಲಿಗೇ ಸೇರಿಸಿ. ಗವರ್ನರ್ ಜನರಲ್ ಬೆಂಟಿಂಕ್ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡದ್ದು 1831ರಲ್ಲಿ, ದಂಗೆಯ ಕಾರಣ ಹುಡುಕಿದ ವಿಚಾರಣಾ ಸಮಿತಿಯ ವರದಿ ಬಂದದ್ದು 1833ರಲ್ಲಿ. ಕಿಟ್‌ನಲ್ಲಿ ಈ ಎರಡು ಕಾರ್ಡು ಅದಲುಬದಲಾಗಿವೆ; ಸರಿಯಾಗಿ ಜೋಡಿಸಿದರೆ 'ತೀರ್ಪು ಮೊದಲು, ವಿಚಾರಣೆ ಆಮೇಲೆಯಾ?' ಎಂದು ಮಕ್ಕಳೇ ಕೇಳುತ್ತಾರೆ.

ಆಮೇಲೆ ಮೈಸೂರನ್ನು ಆಳಿದ ಬ್ರಿಟಿಷ್ ಕಮಿಷನರ್ ಕಬ್ಬನ್‌ನ ಭಾಗ ಪರವಾಗಿಲ್ಲ. 769 ಸಣ್ಣಪುಟ್ಟ ತೆರಿಗೆಗಳ ರದ್ದು, ರಸ್ತೆ, ನಾಲ್ಕು ವಿಭಾಗಗಳು, ಎಲ್ಲ ಇವೆ. ಆಗಲೂ ಪೊಗದಿ ನಿಂತಿರಲಿಲ್ಲ ಎಂಬುದನ್ನು ಮೇಷ್ಟ್ರೇ ಹೇಳಬೇಕು.

ನಕ್ಷೆಯಲ್ಲಿ ಇಂದಿನ ಜಿಲ್ಲೆಗಳಷ್ಟೇ ಇರುವುದರಿಂದ 'ನಗರ' ಎಂದರೆ ಮಕ್ಕಳು ಬೆಂಗಳೂರಿಗೆ ಬೆರಳಿಡುತ್ತಾರೆ. ಹೊಸನಗರ ತಾಲ್ಲೂಕಿನ ಹಳೇ ಬಿದನೂರಿನ ಮೇಲೆ ಮೊದಲೇ ಒಂದು ಸ್ಟಿಕ್ಕರ್ ಅಂಟಿಸಿಡಿ.